ನಿಂತು ದುಡಿದ ವರ್ಷಗಳು

ನಮ್ಮವರು ಕಾರ್ಖಾನೆ ಬಿಟ್ಟ ವರ್ಷ ನಾನು ಸೀರೆ ಮಡಚುವುದನ್ನು ಕಲಿತೆ. ಅಲ್ಲಿಯವರೆಗೆ ಬರುತ್ತಿರಲಿಲ್ಲ ಎಂದಲ್ಲ, ಆದರೆ ಮನೆಯಲ್ಲಿ ಮಡಚುವುದೇ ಬೇರೆ, ಅಂಗಡಿಯಲ್ಲಿ ಮಡಚುವುದೇ ಬೇರೆ. ಅಂಗಡಿಯಲ್ಲಿ ಒಬ್ಬಳೇ ನಿಂತು, ಎರಡೂ ಕೈ ಅಗಲಿಸಿ, ಅಷ್ಟುದ್ದದ ಬಟ್ಟೆಯನ್ನು ನೆಲಕ್ಕೆ ತಾಗಿಸದೆ, ಗಿರಾಕಿ ಬೇಡವೆಂದು ಪಕ್ಕಕ್ಕೆ ಸರಿಸಿದ ಕೂಡಲೇ ಯಾರೂ ಮುಟ್ಟಿಯೇ ಇಲ್ಲವೆಂಬಂತೆ ಮಡಚಿ ಇಡಬೇಕು. ಮುಖದಲ್ಲಿ ಬೇಸರ ಕಾಣಬಾರದು. ಸೀರೆ ಮಡಚುವುದನ್ನು ಒಂದು ವಾರದಲ್ಲಿ ಕಲಿತೆ. ಮುಖದ ವಿಷಯಕ್ಕೆ ಹೆಚ್ಚು ದಿನ ಹಿಡಿಯಿತು.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾವು ಆಗ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಸಾಲಿನಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿದ್ದೆವು. ನಾನು, ನನ್ನ ಗಂಡ, ಮಾವ, ಆರು ವರ್ಷದ ಮಗಳು. ನಮ್ಮವರು ಕೆ.ಆರ್. ಪುರದ ಆಚೆ ಒಂದು ದೊಡ್ಡ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಟರ್ನರ್ ಆಗಿದ್ದರು. ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣವನ್ನು ಕೂದಲೆಳೆಯ ಅಳತೆಗೆ ಕೊರೆಯುವ ಕೆಲಸ. ಆಮೇಲೆ ಕಾರ್ಖಾನೆಗೆ ಆರ್ಡರ್ ಕಡಿಮೆಯಾಯಿತು, ಸ್ವಯಂ ನಿವೃತ್ತಿಯ ಕಾಗದ ಬಂತು. ಮೊದಲ ಸಲ ಬಂದಾಗ ಇವರು ಸಹಿ ಹಾಕಲಿಲ್ಲ. ಎರಡನೇ ಸಲ ಬಂದಾಗ, ಪಕ್ಕದ ಯಂತ್ರದವರೆಲ್ಲ ಹಾಕಿದರೆಂದು ಇವರೂ ಹಾಕಿದರು. ಬೆಳಿಗ್ಗೆ ಆರೂವರೆಗೆ ನಮ್ಮ ರಸ್ತೆಯ ತಿರುವಿನಲ್ಲಿ ನಿಲ್ಲುತ್ತಿದ್ದ ಕಾರ್ಖಾನೆ ಬಸ್ಸಿನ ಹಾರ್ನ್ ಕೇಳಿದರೆ ಆಮೇಲೂ ಬಹಳ ದಿನ ಇವರು ನಿದ್ದೆಯಲ್ಲೇ ಎದ್ದು ಕೂರುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಏಟು ಬಿದ್ದದ್ದು ಮಾವನಿಗೆ. ಅವರು ಹೊಸಕೋಟೆ ಕಡೆಯ ಊರಿನವರು. ಹುಡುಗನಾಗಿದ್ದಾಗ ಊರಿನ ದೊಡ್ಡವರ ಮನೆಗೆ ಸೌದೆ ಒಡೆಯಲು ಹೋದರೆ, ಕೂಲಿಯ ರಾಗಿ ಕೊಡುವವರೆಗೆ ಅವರ ಬಾಗಿಲಾಚೆ ನಿಂತಿರಬೇಕಿತ್ತು. ಜಗಲಿ ಹತ್ತುವ ಹಾಗಿರಲಿಲ್ಲ. ಪ್ರಾಯಕ್ಕೆ ಬಂದ ಮೇಲೆ ಊರು ಬಿಟ್ಟು ಬೆಂಗಳೂರಿಗೆ ಬಂದು ರಸ್ತೆ ಕೆಲಸ ಹಿಡಿದರು, ಬೌದ್ಧರಾದರು, ಮಗನನ್ನು ಐ.ಟಿ.ಐ. ಓದಿಸಿದರು. ನಮ್ಮ ಮನೆಯ ಗೋಡೆಯಲ್ಲಿ ಬುದ್ಧನ ಪಟದ ಕೆಳಗೆ ನಮ್ಮವರ ಕಾರ್ಖಾನೆಯ ಗುರುತಿನ ಚೀಟಿಯನ್ನು ಮೊಳೆಗೆ ನೇತುಹಾಕಿದ್ದು ಅವರೇ. ಯಾರಾದರೂ ನೆಂಟರು ಬಂದರೆ ಅದನ್ನು ತೋರಿಸಿ, "ನನ್ನ ಮಗ ಯಾರ ಬಾಗ್ಲಲ್ಲೂ ನಿಲ್ಲಲಿಲ್ಲಪ್ಪ, ಅಷ್ಟು ಸಾಕು ನಂಗೆ" ಅನ್ನುತ್ತಿದ್ದರು. ಕಾರ್ಖಾನೆ ಬಿಟ್ಟ ಮೇಲೆ ಚೀಟಿಯನ್ನು ವಾಪಸು ಕೊಡಬೇಕಾಯಿತು. ಮೊಳೆ ಹಾಗೇ ಉಳಿಯಿತು.

ನನಗೆ ಕೆಲಸ ಸಿಕ್ಕಿದ್ದು ಶಿವಾಜಿನಗರದ ಹತ್ತಿರ, ಕಮರ್ಷಿಯಲ್ ಸ್ಟ್ರೀಟಿನ ಒಂದು ಸೀರೆ ಅಂಗಡಿಯಲ್ಲಿ. ಉದ್ದನೆಯ ಅಂಗಡಿ, ಎರಡೂ ಕಡೆ ಗಾಜಿನ ಕೌಂಟರು, ಕೌಂಟರಿನ ಹಿಂದೆ ನಾವು ಏಳು ಜನ ಹೆಂಗಸರು. ಗಲ್ಲಾದಲ್ಲಿ ಸೇಟು. ಒಳ್ಳೆಯ ಮನುಷ್ಯ, ಬಾಯಿ ಜೋರಿಲ್ಲ, ಹಬ್ಬಕ್ಕೆ ಎಲ್ಲರಿಗೂ ಒಂದೇ ದರ್ಜೆಯ ಸೀರೆ ಕೊಡುತ್ತಿದ್ದರು. ಆದರೆ ಒಂದು ಕಟ್ಟುನಿಟ್ಟು: ಷಟರ್ ಎತ್ತಿದ ಮೇಲೆ ಇಳಿಸುವವರೆಗೆ ಯಾರೂ ಕೂರುವ ಹಾಗಿಲ್ಲ. ಗಿರಾಕಿ ಇರಲಿ, ಇಲ್ಲದಿರಲಿ. ಕೂತ ಹೆಂಗಸನ್ನು ಕಂಡರೆ ಬಂದವರು ವ್ಯಾಪಾರ ಇಲ್ಲದ ಅಂಗಡಿ ಅಂದುಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ.

ಮದುವೆ ಸೀರೆಗಳ ಕೌಂಟರಿನಲ್ಲಿದ್ದ ಅಕ್ಕನೇ ನನಗೆ ಕೆಲಸ ಕಲಿಸಿದ್ದು. ಹಲಸೂರಿನವರು, ಮನೆಮಾತು ತಮಿಳು, ಅದೇ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕಳೆದವರು. ಮೊದಲ ದಿನ ನಾನು ಭಯಪಟ್ಟು ನಿಂತಿದ್ದನ್ನು ನೋಡಿ, "ಏನಮ್ಮಾ, ನಿಂಗೆ ಎಷ್ಟು ಭಾಷೆ ಬರುತ್ತೆ?" ಎಂದು ಕೇಳಿದರು.

"ಕನ್ನಡ. ಸ್ವಲ್ಪ ತೆಲುಗು."

"ತಮಿಳು, ಉರ್ದು, ಇಂಗ್ಲಿಷ್ ತಾನಾಗೇ ಬರುತ್ತೆ ಬಿಡು. ಗಿರಾಕಿ ಯಾವ ಭಾಷೇಲಿ ಚೌಕಾಸಿ ಮಾಡ್ತಾಳೋ ಆ ಭಾಷೇಲಿ 'ಆಗಲ್ಲ' ಅನ್ನೋದು ಕಲಿ ಮೊದ್ಲು. ನಗ್ತಾ ಹೇಳ್ಬೇಕು, ಅಷ್ಟೇ."

ನಿಲ್ಲುವುದಕ್ಕೂ ಒಂದು ಕ್ರಮ ಇದೆಯೆಂದು ತೋರಿಸಿಕೊಟ್ಟವರು ಅವರೇ. ಒಂದು ಕಾಲನ್ನು ಕೌಂಟರಿನ ಕೆಳಗಿನ ಹಲಗೆಯ ಮೇಲಿಟ್ಟು ಇನ್ನೊಂದರ ಮೇಲೆ ಭಾರ ಹಾಕಬೇಕು, ಆಮೇಲೆ ಬದಲಾಯಿಸಬೇಕು. ಬೆನ್ನನ್ನು ರ್‍ಯಾಕಿಗೆ ಒರಗಿಸಬಾರದು, ಒರಗಿಸಿದರೆ ಸೊಂಟ ಹಿಡಿಯುತ್ತದೆ. ತೀರಾ ಆಗದಿದ್ದರೆ ಸ್ಟಾಕ್ ತರುತ್ತೇನೆಂದು ಹಿಂದಿನ ಕೋಣೆಗೆ ಹೋಗಿ ಬಟ್ಟೆಯ ಗಂಟಿನ ಮೇಲೆ ಎರಡು ನಿಮಿಷ ಕೂತು ಬರಬೇಕು. ಅಕ್ಕನ ಕಾಲಿನ ನರಗಳು ಮೊಣಕಾಲಿನಿಂದ ಹಿಮ್ಮಡಿಯವರೆಗೆ ನೀಲಿಯಾಗಿ ಗಂಟುಕಟ್ಟಿದ್ದವು. ಅವರು ಯಾವಾಗಲೂ ಸೀರೆಯನ್ನು ನೆಲ ಮುಟ್ಟುವಷ್ಟು ಇಳಿಸಿ ಉಡುತ್ತಿದ್ದರು. ಯಾಕೆಂದು ನನಗೆ ತಿಳಿದದ್ದು ಹಿಂದಿನ ಕೋಣೆಯಲ್ಲಿ.

ಅತ್ತ ನಮ್ಮವರು ಎಂಟು ತಿಂಗಳು ಕೆಲಸ ಹುಡುಕಿದರು. ದೊಮ್ಮಲೂರಿನ ಕಡೆ ಆಫೀಸುಗಳು ಏಳುತ್ತಿದ್ದವು, ಆದರೆ ಅವಕ್ಕೆ ಟರ್ನರ್ ಬೇಕಿರಲಿಲ್ಲ. ಕೊನೆಗೊಂದು ದಿನ ಬಂದು, ಏರ್‌ಪೋರ್ಟ್ ರಸ್ತೆಯ ದೊಡ್ಡ ಹೋಟೆಲಿನಲ್ಲಿ ಕೆಲಸ ಸಿಕ್ಕಿತು ಎಂದರು. ಮಾವ ಕೇಳಿದರು, "ಹೋಟ್ಲಲ್ಲಿ ಏನ್ ಕೆಲಸ?"

"ಮೇಂಟೆನೆನ್ಸು. ಮಷಿನ್ ಎಲ್ಲ ಇರುತ್ತಲ್ಲ ಅಪ್ಪ, ಲಿಫ್ಟು, ಬಾಯ್ಲರು..."

ಮಾವ ತಲೆಯಾಡಿಸಿದರು. ನಾನೂ ಅದನ್ನೇ ನಂಬಿದೆ. ಇವರು ಬೆಳಿಗ್ಗೆ ಮಾಮೂಲಿ ಪ್ಯಾಂಟು ಶರ್ಟಿನಲ್ಲಿ ಹೊರಡುತ್ತಿದ್ದರು, ಅದೇ ಬಟ್ಟೆಯಲ್ಲಿ ವಾಪಸು ಬರುತ್ತಿದ್ದರು. ಯೂನಿಫಾರಂ ಹೋಟೆಲಿನಲ್ಲೇ ಒಗೆಯುತ್ತಾರಂತೆ. ಒಂದೆರಡು ತಿಂಗಳಾದ ಮೇಲೆ ಮೀಸೆ ದಪ್ಪಗೆ ಬಿಡತೊಡಗಿದರು. "ಯಾಕ್ರೀ ಇದು?" ಎಂದು ಕೇಳಿದರೆ, "ಸುಮ್ನೆ" ಎಂದರು. ಆದರೆ ನನಗೆ ಕಂಡದ್ದು ಮೀಸೆಗಿಂತ ಹೆಚ್ಚಾಗಿ ಉಗುರು. ಕಾರ್ಖಾನೆಯಲ್ಲಿದ್ದಷ್ಟು ಕಾಲ ಇವರ ಉಗುರಿನ ಸಂದಿಯಲ್ಲಿ ಕಪ್ಪು ಎಣ್ಣೆ ಇದ್ದೇ ಇರುತ್ತಿತ್ತು, ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಈಗ ಉಗುರು ಬೆಳ್ಳಗಿದ್ದವು. ಬಾಯ್ಲರ್ ನೋಡಿಕೊಳ್ಳುವವರ ಕೈ ಹಾಗಿರುವುದಿಲ್ಲ. ನಾನು ಕೇಳಲಿಲ್ಲ. ಸಂಜೆ ಎರಡು ಬಸ್ಸು ಬದಲಾಯಿಸಿ ಮನೆ ಸೇರಿ, ಅಡುಗೆ ಮುಗಿಸಿ, ಕಾಲನ್ನು ಉಪ್ಪಿನ ಬಿಸಿನೀರಿಗೆ ಇಟ್ಟರೆ, ಒಂದು ಪ್ರಶ್ನೆ ಕೇಳುವಷ್ಟು ಶಕ್ತಿಯೂ ಮೈಯಲ್ಲಿ ಉಳಿಯುತ್ತಿರಲಿಲ್ಲ. ಉತ್ತರ ಬಂದರೆ ಅದನ್ನು ಹೊರುವ ಶಕ್ತಿಯಂತೂ ಇರಲೇ ಇಲ್ಲ.

ಮೂರನೇ ವರ್ಷ ಸೇಟಿನ ಮಗಳ ಮದುವೆಯಾಯಿತು. ಮದುವೆಯ ಮಧ್ಯಾಹ್ನದ ಊಟ ಏರ್‌ಪೋರ್ಟ್ ರಸ್ತೆಯ ಒಂದು ಹೋಟೆಲಿನಲ್ಲಿ. ಬಂದ ನೆಂಟರಿಗೆ ಉಡುಗೊರೆಯ ಚೀಲ ಕೊಡಲು ಅಂಗಡಿಯಿಂದ ನಾಲ್ಕು ಜನರನ್ನು ಕಳಿಸಿದರು. ಅಕ್ಕ, ನಾನು, ಇನ್ನಿಬ್ಬರು. ನಾಲ್ವರಿಗೂ ಒಂದೇ ಬಣ್ಣದ ರೇಷ್ಮೆ ಸೀರೆ, ತಲೆಗೆ ಮಲ್ಲಿಗೆ. ಅಂಗಡಿಯ ವ್ಯಾನಿನಲ್ಲಿ ಹೋಟೆಲಿನ ಮುಂದೆ ಇಳಿದೆವು. ಅದು ನಮ್ಮವರ ಹೋಟೆಲೇ ಎಂದು ನನಗೆ ಗೊತ್ತಾದದ್ದು ಇಳಿದ ಮೇಲೆಯೇ. ನಮ್ಮವರು ಒಳಗೆಲ್ಲೋ ಯಂತ್ರದ ಹತ್ತಿರ ಇರುತ್ತಾರೆ, ಮಧ್ಯೆ ಬಿಡುವಾದರೆ ಯಾರನ್ನಾದರೂ ಕೇಳಿ ನೋಡೋಣ ಎಂದುಕೊಂಡೆ. ನಿಜ ಹೇಳಬೇಕೆಂದರೆ, ರೇಷ್ಮೆ ಸೀರೆಯಲ್ಲಿ ಇವರಿಗೆ ಕಾಣಿಸಿಕೊಳ್ಳುವ ಆಸೆಯಿತ್ತು.

ಗೇಟಿನಲ್ಲಿದ್ದವನು ನಮ್ಮನ್ನು ಹಿಂದಿನ ದಾರಿಗೆ ಹೋಗಿ ಎಂದ. ಅಷ್ಟರಲ್ಲಿ ಸೇಟಿನ ಮಗ ಬಂದು, "ಏ, ಇವ್ರು ನಮ್ಮನೆಯವ್ರು, ಮುಂದಿನಿಂದಾನೇ ಬರ್ಲಿ" ಎಂದು ಗದರಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹಾಗಾಗಿ ಮುಂದಿನ ಮೆಟ್ಟಿಲು ಹತ್ತಿದೆವು.

ದೊಡ್ಡ ಗಾಜಿನ ಬಾಗಿಲು. ಅದರ ಪಕ್ಕದಲ್ಲಿ ಕೆಂಪು ಕೋಟು, ಹೆಗಲಿಗೆ ಚಿನ್ನದ ಬಣ್ಣದ ಪಟ್ಟಿ, ತಲೆಗೆ ತುರಾಯಿ ಇರುವ ಪೇಟ ತೊಟ್ಟು, ಮೀಸೆಯನ್ನು ಮೇಲಕ್ಕೆ ತಿರುವಿಕೊಂಡು ನಮ್ಮವರು ನಿಂತಿದ್ದರು.

ನನಗೆ ಗುರುತು ಹತ್ತಿದ್ದು ಕಣ್ಣಿನಿಂದ. ಅವರಿಗೂ ಆಗಲೇ ಗುರುತು ಸಿಕ್ಕಿರಬೇಕು, ಬಾಗಿಲಿನ ಹಿಡಿಯ ಮೇಲಿದ್ದ ಕೈ ಒಂದು ಕ್ಷಣ ನಿಂತಿತು. ಆಮೇಲೆ ಬಾಗಿಲು ಎಳೆದರು. ಮುಂದಿದ್ದ ಅಕ್ಕನಿಗೆ ಸಲ್ಯೂಟ್ ಹೊಡೆದು "ವೆಲ್ಕಮ್ ಮೇಡಂ" ಎಂದರು. ಹಿಂದೆ ಬಂದ ನನಗೂ ಸಲ್ಯೂಟ್ ಹೊಡೆದರು, "ವೆಲ್ಕಮ್ ಮೇಡಂ" ಎಂದರು. ದನಿ ಒಂದಿಷ್ಟೂ ಅಲುಗಲಿಲ್ಲ. ನಾನು ಅವರನ್ನು ದಾಟಿ ಒಳಗೆ ಹೋದೆ. ಬೇರೆ ಏನು ಮಾಡಬಹುದಿತ್ತೆಂದು ಇವತ್ತಿಗೂ ನನಗೆ ತಿಳಿಯುವುದಿಲ್ಲ.

ಅಕ್ಕ ಇವರನ್ನು ಹಿಂದೊಮ್ಮೆ ಅಂಗಡಿಯ ಹತ್ತಿರ ನೋಡಿದ್ದರು. ಅವರಿಗೆ ತಿಳಿದುಹೋಯಿತು. ನನ್ನ ಮೊಣಕೈ ಹಿಡಿದು ಮೆಲ್ಲಗೆ ಹೇಳಿದರು, "ನಡಿಯಮ್ಮಾ. ತಿರುಗಿ ನೋಡ್ಬೇಡ. ಅವರಿಗೆ ಕಷ್ಟ ಆಗುತ್ತೆ."

ಉಡುಗೊರೆ ಕೊಡುವ ಮೇಜನ್ನು ಹಾಕಿದ್ದು ಸರಿಯಾಗಿ ಬಾಗಿಲಿಗೆ ಎದುರಾಗಿ. ಆ ಮಧ್ಯಾಹ್ನ ಪೂರ್ತಿ ಗಾಜಿನಾಚೆ ಇವರ ಬೆನ್ನು ಕಾಣುತ್ತಿತ್ತು. ಕಾರು ಬಂದು ನಿಲ್ಲುತ್ತಿತ್ತು, ಇವರು ಬಾಗುತ್ತಿದ್ದರು, ಕಾರಿನ ಬಾಗಿಲು ತೆಗೆಯುತ್ತಿದ್ದರು, ಓಡಿ ಬಂದು ಈ ಬಾಗಿಲು ತೆಗೆಯುತ್ತಿದ್ದರು. ಯಾರೋ ಒಂದು ಕುಟುಂಬದವರು ತಮ್ಮ ಮಗುವನ್ನು ಇವರ ತೋಳಿಗೆ ಕೊಟ್ಟು ಫೋಟೋ ತೆಗೆಸಿಕೊಂಡರು. ಮಗು ಮೀಸೆ ಹಿಡಿದು ಎಳೆಯಿತು. ಇವರು ಈ ಕಡೆಗೆ ಮುಖ ಓರೆ ಮಾಡಿ ನಕ್ಕರು. ಇವರ ಮುಖದಲ್ಲಿ ಅಂಥ ನಗುವನ್ನು ನಾನು ಮನೆಯಲ್ಲಿ ಎಂದೂ ನೋಡಿರಲಿಲ್ಲ. ಆದರೆ ಆ ನಗು ನನಗೆ ಹೊಸದಾಗಿರಲಿಲ್ಲ. ನಾನು ದಿನವೂ ಕೌಂಟರಿನ ಹಿಂದೆ ಹಾಕಿಕೊಳ್ಳುತ್ತಿದ್ದದ್ದು ಅದನ್ನೇ.

ಅದಾದ ನಾಲ್ಕನೇ ದಿನ ಬೆಳಿಗ್ಗೆ ನಾನು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಇವರು ಮೇಲೆ ಬಂದರು. ಬಕೆಟ್ಟಿನಿಂದ ಒಂದು ಲಂಗ ತೆಗೆದು ಹಿಂಡಿ, ತಂತಿಗೆ ಹಾಕುತ್ತಾ, "ಅಪ್ಪನಿಗೆ ಹೇಳ್ಬೇಡ" ಎಂದರು.

"ನಂಗ್ಯಾಕೆ ಹೇಳ್ಲಿಲ್ಲ?"

ಲಂಗದ ಮುದುರು ಬಿಡಿಸುತ್ತಾ ಹೇಳಿದರು, "ಹೇಳಿದ್ರೆ ನೀನು ಪರ್ವಾಗಿಲ್ಲ ಅಂತಿದ್ದೆ. ಅದನ್ನ ಕೇಳೋಕೆ ನನ್ ಕೈಲಿ ಆಗ್ತಿರ್ಲಿಲ್ಲ."

ನಾನು ಪರವಾಗಿಲ್ಲ ಎಂದೇ ಹೇಳಹೊರಟಿದ್ದೆ. ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿಕೊಂಡೆ.

"ಇಂಟರ್‌ವ್ಯೂನಲ್ಲಿ ಹದಿನಾಲ್ಕು ವರ್ಷ ಟರ್ನರ್ ಆಗಿದ್ದೆ, ಯಾವ ಅಳತೆ ಬೇಕಾದ್ರೂ ತೆಗೀತೀನಿ ಅಂದೆ. ಅವ್ರು ನಿನ್ನ ಎತ್ತರ ಎಷ್ಟು ಅಂತ ಕೇಳಿದ್ರು. ಆರಡಿ ಅಂದೆ. ನಾಳೆಯಿಂದ ಬಾ ಅಂದ್ರು." ಇವರು ನಗಲು ನೋಡಿದರು. "ಕೆಲಸ ಕಷ್ಟ ಏನಿಲ್ಲ ಕಣೆ. ಸಾಯಂಕಾಲ ಆದ್ರೆ ಮುಖ ನೋಯುತ್ತೆ, ಅಷ್ಟೇ."

ಮುಖ ನೋಯುತ್ತದೆ ಎಂಬ ಮಾತು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಬಗೆಯ ಸಲುಗೆ ಬಂತು. ಯಾವ ಗಿರಾಕಿ ಮೂವತ್ತು ಸೀರೆ ಬಿಚ್ಚಿಸಿ ಕರ್ಚೀಫು ಕೊಂಡು ಹೋದಳು ಎಂದು ನಾನು ಹೇಳಿದರೆ, ಯಾವ ಸಾಹೇಬ ಇಳಿಯುವಾಗ ಇವರ ಮುಖಕ್ಕೇ ಸಿಗರೇಟಿನ ಹೊಗೆ ಬಿಟ್ಟ ಎಂದು ಇವರು ಹೇಳುತ್ತಿದ್ದರು. ಮಾವ ಮನೆಯಲ್ಲಿಲ್ಲದಾಗ ಮಾತ್ರ.

ಆದರೆ ಇಂಥ ಗುಟ್ಟು ಎಷ್ಟು ದಿನ ನಿಲ್ಲುತ್ತದೆ. ಮಾವನ ಊರಿನ ಒಬ್ಬರು ಆಟೋ ಓಡಿಸುತ್ತಿದ್ದರು. ಹೋಟೆಲಿಗೆ ಗಿರಾಕಿಯನ್ನು ಬಿಡಲು ಹೋದಾಗ ನಮ್ಮವರನ್ನು ನೋಡಿ, ಹೊಟ್ಟೆಕಿಚ್ಚಿಲ್ಲದೆ, ಖುಷಿಯಿಂದಲೇ ಬಂದು ಹೇಳಿದರು: ನಿಮ್ಮ ಮಗ ರಾಜನ ಹಾಗೆ ಕಾಣ್ತಾನೆ! ಮಾವ ಅವರಿಗೆ ಕಾಫಿ ಕೊಡಿಸಿ ಕಳಿಸಿದರು. ಮಾರನೇ ದಿನ ಬೆಳಿಗ್ಗೆ ನಮ್ಮವರು ತಿಂಡಿಗೆ ಕೂತಾಗ ಕೇಳಿದರು.

"ಹೋಟ್ಲಲ್ಲಿ ನೀನು ಬಾಗ್ಲು ತೆಗೀತೀಯಂತೆ."

"ಹೂಂ ಅಪ್ಪ."

"ನೀನು ಯಾವ ಬಾಗ್ಲಿಂದ ಒಳಕ್ಕೆ ಹೋಗ್ತೀಯ?"

ನಮ್ಮವರು ತಟ್ಟೆ ನೋಡುತ್ತಾ ಹೇಳಿದರು, "ಹಿಂದ್ಗಡೆ ಗೇಟು. ತರಕಾರಿ ಲಾರಿ ಬರುತ್ತಲ್ಲ, ಅಲ್ಲಿಂದ."

ಮಾವ ಎದ್ದು ಹೋಗಿ ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆದರು.

ಎರಡು ದಿನದ ಮೇಲೆ ಬೆಳಿಗ್ಗೆಯೇ ಹೊರಗೆ ಹೋದವರು ಮಧ್ಯಾಹ್ನ ಮೂರಾದರೂ ಬರಲಿಲ್ಲ. ಅವತ್ತು ನನ್ನ ವಾರದ ರಜೆ. ಮಾರ್ಕೆಟ್ ರಸ್ತೆಯಲ್ಲೆಲ್ಲ ಹುಡುಕಿ ಬಂದೆ. ಮೂರೂವರೆಗೆ ಬಂದರು, ಚಪ್ಪಲಿಯೆಲ್ಲ ಧೂಳು. ಎಲ್ಲಿಗೆ ಹೋಗಿದ್ರಿ ಮಾವ ಎಂದರೆ ನೀರು ಕೇಳಿ ಕುಡಿದರು. ಸಂಜೆ ಮಗ ಬಂದು ಶರ್ಟು ಬಿಚ್ಚುತ್ತಿರುವಾಗ, ಗೋಡೆಗೆ ಒರಗಿ ಕೂತಲ್ಲಿಂದಲೇ ಹೇಳಿದರು, "ಅಲ್ಲಿ ನೆರಳಿಲ್ಲ ಕಣೋ."

ಆಗ ತಿಳಿಯಿತು. ದೊಮ್ಮಲೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದು, ಹೋಟೆಲಿನ ಎದುರು ರಸ್ತೆಯಾಚೆ ನಿಂತು ಮಗನನ್ನು ನೋಡಿ ಬಂದಿದ್ದರು. ಎಷ್ಟು ಹೊತ್ತು ನಿಂತಿದ್ದರೋ ಅವರಿಗೇ ಗೊತ್ತು.

"ಸುಮ್ನೆ ಹೋಗೋರಿಗೆಲ್ಲ ಯಾಕೆ ಬಗ್ತೀಯ?" ಎಂದು ಕೇಳಿದರು. "ತಿರುಗೂ ನೋಡಲ್ಲ ಅವ್ರು."

"ಅದೇ ಕೆಲಸ ಅಪ್ಪ."

"ಗೊತ್ತು," ಎಂದರು ಮಾವ. "ನಂದೂ ಕೆಲಸಾನೇ ಆಗಿತ್ತು."

ನಮ್ಮವರು ಶರ್ಟನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು. ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ಮಾವ ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಆದರೆ ಬೇಸಿಗೆ ಬಂದರೆ ಮಗನಿಗೆಂದು ಬೆಳಿಗ್ಗೆ ತಾವೇ ಮಜ್ಜಿಗೆ ಕಡೆದು ಬಾಟಲಿಗೆ ತುಂಬಿಸಿ ಕೊಡುತ್ತಿದ್ದರು.

ಅದೇ ವರ್ಷ ದೀಪಾವಳಿಯ ವ್ಯಾಪಾರದ ಗದ್ದಲದಲ್ಲಿ ಅಕ್ಕ ಕೌಂಟರಿನ ಹಿಂದೆ ಕುಸಿದುಬಿದ್ದರು. ಮೂರ್ಛೆ ಹೋಗಿರಲಿಲ್ಲ, ಕಾಲು ಮೈಯ ಭಾರ ಹೊರಲಿಲ್ಲ ಅಷ್ಟೇ. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿ, ಸೀರೆ ಮೇಲೆತ್ತಿ ನೋಡಿದರೆ ಒಂದು ನರ ಒಡೆದು ಹಿಮ್ಮಡಿಯವರೆಗೆ ರಕ್ತ. ಅಕ್ಕ ಮೊದಲು ಕೇಳಿದ್ದು, ಕೌಂಟರಿನ ಮೇಲಿಂದ ಕೆಳಗೆ ಬಿದ್ದ ಬಿಳಿ ಸೀರೆಗೆ ಕಲೆಯಾಯಿತಾ ಎಂದು.

ಹಬ್ಬ ಮುಗಿದ ಮೇಲೆ ಬೆಳಿಗ್ಗೆ, ಗಿರಾಕಿ ಬರುವ ಮೊದಲು, ನಾನು ಗಲ್ಲಾದ ಹತ್ತಿರ ಹೋಗಿ ಕೇಳಿದೆ. ಹಾಗೆ ಕೇಳುವವಳಲ್ಲ ನಾನು. ಗಾಜಿನಾಚೆ ನೋಡಿದ ಇವರ ಬೆನ್ನೇ ನಾನು ಕೇಳುವಂತೆ ಮಾಡಿತೋ ಏನೋ.

"ಸೇಟ್‌ಜೀ, ಎರಡು ಸ್ಟೂಲ್ ಹಾಕಿಸಿ. ಗಿರಾಕಿ ಇಲ್ದಾಗ ಒಬ್ಬೊಬ್ರಾಗಿ ಐದು ನಿಮಿಷ ಕೂರ್ತೀವಿ."

"ಕಸ್ಟಮರ್ ಒಳಗೆ ಬರುವಾಗ ನೀವು ಕೂತಿದ್ರೆ ಹೇಗಿರುತ್ತಮ್ಮ?"

"ನೀವೂ ಕೂತೇ ಇರ್ತೀರಲ್ಲ ಸೇಟ್‌ಜೀ. ಅವರೇನೂ ವಾಪಸ್ ಹೋಗಿಲ್ಲ."

ಹೇಳಿದ ಮೇಲೆ ಹೆದರಿಕೆಯಾಯಿತು. ಸೇಟು ನನ್ನನ್ನೇ ನೋಡಿದರು, ಆಮೇಲೆ ತಾವು ಕೂತಿದ್ದ ಗಾದಿಯನ್ನು ನೋಡಿದರು. ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಒಂದು ವಾರದ ನಂತರ ಬ್ಲೌಸ್ ಪೀಸಿನ ರ್‍ಯಾಕಿನ ಮರೆಯಲ್ಲಿ ಎರಡು ಪ್ಲಾಸ್ಟಿಕ್ ಸ್ಟೂಲ್ ಬಂದವು. ಎಲ್ಲರೂ ಮೊದಲು ಅಕ್ಕನನ್ನು ಕೂರಿಸಿದೆವು. ಅವರು ಕೂತರು, ಬಾಗಿಲಲ್ಲಿ ನೆರಳಾಡಿದ ಕೂಡಲೇ ದಡಕ್ಕನೆ ಎದ್ದರು. ಮತ್ತೆ ಕೂರಿಸಿದೆವು, ಮತ್ತೆ ಎದ್ದರು. "ಆಗಲ್ಲಮ್ಮಾ ನಂಗೆ," ಎಂದರು, "ಕೂತ್ರೆ ಎದೆ ಹೊಡ್ಕೊಳ್ಳುತ್ತೆ." ಆ ಸ್ಟೂಲುಗಳ ಸುಖ ಸಿಕ್ಕಿದ್ದು ನಮಗೆ. ಅಕ್ಕ ಮುಂದಿನ ಯುಗಾದಿಗೆ ಕೆಲಸ ಬಿಟ್ಟರು. ಅವರ ಮದುವೆ ಸೀರೆಯ ಕೌಂಟರು ನನಗೆ ಬಂತು. ಹಲಸೂರಿನಲ್ಲಿ ಅವರ ಮನೆಗೆ ಒಮ್ಮೆ ಹೋಗಿದ್ದೆ. ಗಲ್ಲಿಯಲ್ಲಿ ಬಾಗಿಲ ಮುಂದೆ ಎರಡೂ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು ಹೂ ಕಟ್ಟುತ್ತಿದ್ದರು. ಇಡೀ ಹೊತ್ತು ಅಂಗಡಿಯ ಸುದ್ದಿಯನ್ನೇ ಕೇಳಿದರು. ಹೊಸ ಡಿಸೈನ್ ಯಾವುದು ಬಂದಿದೆ, ಮೇಲಿನ ಸಾಲಿನ ದೀಪ ಸರಿ ಮಾಡಿಸಿದರಾ ಎಂದು.

ಹೀಗೇ ವರ್ಷಗಳು ಹೋದವು. ನಮ್ಮ ರಸ್ತೆ ನಮ್ಮ ಕಣ್ಣೆದುರೇ ಬದಲಾಯಿತು. ಆರೂವರೆಯ ಕಾರ್ಖಾನೆ ಬಸ್ಸಿಗೆ ನಿಲ್ಲುತ್ತಿದ್ದವರು ಕಡಿಮೆಯಾಗುತ್ತಾ ಬಂದರು. ಅವರ ಬದಲಿಗೆ ಒಂಬತ್ತು ಗಂಟೆಗೆ ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ ನೇತುಹಾಕಿಕೊಂಡ ಹುಡುಗಿಯರು ನಿಲ್ಲತೊಡಗಿದರು. ಒಬ್ಬಳು ಇಂದಿರಾನಗರದ ಶೂ ಅಂಗಡಿಗೆ, ಒಬ್ಬಳು ಹೋಟೆಲಿನ ಕೋಣೆಗಳ ಹಾಸಿಗೆ ಬದಲಾಯಿಸಲು, ಇನ್ನೊಬ್ಬಳು ಮಾಲಿನಲ್ಲಿ ಸೆಂಟಿನ ಬಾಟಲಿ ಹಿಡಿದು ಬಂದವರ ಕೈಗೆಲ್ಲ ಚಿಮುಕಿಸಲು. ಆಫೀಸಿನವರು ಈ ಊರನ್ನು ಬೆಳೆಸಿದರೆಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆ ಆಫೀಸಿನವರು ಉಂಡದ್ದು, ಉಟ್ಟದ್ದು, ಮಲಗಿದ್ದು ಎಲ್ಲ ನಮ್ಮಂಥವರ ಕೈಯಿಂದ. ನಮ್ಮ ಮಾರ್ಕೆಟ್ ರಸ್ತೆಯ ತರಕಾರಿಯವನು, ಟೈಲರು, ಚೀಟಿ ನಡೆಸುವ ಅಮ್ಮ, ಟ್ಯೂಷನ್ ಹೇಳುವ ಮೇಷ್ಟರು, ಇವರೆಲ್ಲ ಬದುಕಿದ್ದು ಆ ಹುಡುಗಿಯರು ಸಂಜೆ ಮನೆಗೆ ತರುವ ಸಂಬಳದಲ್ಲಿ. ಕಾರ್ಖಾನೆಯವರಿಗೆ ಒಂದು ಆಸ್ಪತ್ರೆ ಇತ್ತು, ಒಂದು ಸಂಘ ಇತ್ತು, ವಯಸ್ಸಾದರೆ ಕೂರಿಸಿ ಅನ್ನ ಹಾಕುವ ಒಂದು ವ್ಯವಸ್ಥೆ ಇತ್ತು. ಈ ಮಕ್ಕಳಿಗೆ ಇದ್ದದ್ದು ಎರಡು ಕಾಲು.

ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಹೋದ ವರ್ಷ ಇವರ ಹೋಟೆಲಿಗೆ ಬರುವವರು ಕಡಿಮೆಯಾದರು. ಕೆಲವರನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದರು, ಅವರಲ್ಲಿ ಇವರೂ ಒಬ್ಬರು. ಇವರಿಗೆ ಬೇಸರವಾಗಲಿಲ್ಲ. ಹಳೆಯ ಕಾರ್ಖಾನೆಯ ಗೆಳೆಯರೊಬ್ಬರು ಮಹದೇವಪುರದ ಲೇತ್ ಶೆಡ್ಡೊಂದರಲ್ಲಿ ಕೆಲಸ ಹೇಳಿದ್ದರು. ಹೋಗುವ ದಿನ ಬೆಳಿಗ್ಗೆ ಇವರು ಕನ್ನಡಿ ಮುಂದೆ ನಿಂತು ಮೀಸೆಯನ್ನು ಪೂರ್ತಿ ತೆಗೆದುಬಿಟ್ಟರು. ಹತ್ತು ವರ್ಷ ಚಿಕ್ಕವರಾಗಿ ಕಂಡರು. ಮಾವ ತಮ್ಮ ಪೆಟ್ಟಿಗೆಯಿಂದ ಕೂದಲೆಳೆಯ ದಪ್ಪವನ್ನೂ ಅಳೆಯುವ ಒಂದು ಮೈಕ್ರೋಮೀಟರ್ ತೆಗೆದುಕೊಟ್ಟರು. ಕಾರ್ಖಾನೆ ಬಿಟ್ಟ ದಿನ ಇವರು ಅದನ್ನು ಮೂಲೆಗೆಸೆದಾಗ ಎತ್ತಿ, ಎಣ್ಣೆ ಒರೆಸಿ ಇಟ್ಟುಕೊಂಡಿದ್ದರಂತೆ.

ಮೊದಲ ವಾರ ಉತ್ಸಾಹದಿಂದ ಹೋದರು. ಉಗುರಿಗೆ ಕಪ್ಪು ಬಂತು. ಎರಡನೇ ವಾರ ಮಾತು ಕಡಿಮೆಯಾಯಿತು. ಶೆಡ್ಡಿನಲ್ಲಿದ್ದದ್ದು ಕಂಪ್ಯೂಟರ್ ಯಂತ್ರಗಳು. ಇಪ್ಪತ್ತೆರಡರ ಹುಡುಗರು ಅವಕ್ಕೆ ಅಂಕಿ ಬರೆಯುತ್ತಿದ್ದರು. ಇವರದು ಕಬ್ಬಿಣ ಸಿಕ್ಕಿಸಿ, ಬಾಗಿಲು ಮುಚ್ಚಿ, ಹಸಿರು ಗುಂಡಿ ಒತ್ತಿ, ಮುಗಿಯುವವರೆಗೆ ನಿಲ್ಲುವುದು. ಮೂಲೆಯಲ್ಲಿ ಗೋಣಿತಾಟು ಹೊದಿಸಿಟ್ಟ ಒಂದು ಹಳೇ ಲೇತ್ ಇತ್ತು. ಒಂದು ದಿನ ಅರ್ಜೆಂಟು ಕೆಲಸಕ್ಕೆಂದು ಮಾಲೀಕರು ಅದರಲ್ಲಿ ಒಂದು ಶಾಫ್ಟ್ ಮಾಡಿಕೊಡಿ ಎಂದರು. ಇವರು ಮಾಡಿದರು. ಅಳತೆ ತಪ್ಪಿತು. ಇನ್ನೊಂದು ಮಾಡಿದರು, ಅದೂ ತಪ್ಪಿತು. ಮಾಲೀಕರು ಬೈಯಲಿಲ್ಲವಂತೆ. "ಬಿಡಿ ಅಂಕಲ್, ಹೊರಗೆ ಕೊಟ್ಟು ಮಾಡಿಸ್ತೀನಿ" ಎಂದರಂತೆ.

ಅವತ್ತು ಸಂಜೆ ಬಂದು ಮೈಕ್ರೋಮೀಟರನ್ನು ಮಾವನ ಮುಂದೆ ಇಟ್ಟರು. "ಕೈ ಮರೆತ್ಹೋಗಿದೆ ಅಪ್ಪ."

"ಎರಡು ದಿನ ನೋಡು, ಕೂರುತ್ತೆ ಕೈ."

"ಇಲ್ಲ ಅಪ್ಪ. ಬೆರಳು ನಡುಗುತ್ತೆ." ಕೈ ಮುಂದೆ ಚಾಚಿ ತೋರಿಸಿದರು. ನಡುಗುತ್ತಿತ್ತು.

ಹೋಟೆಲಿನಿಂದ ಮತ್ತೆ ಕರೆ ಬಂದಾಗ ಹೋದರು. ಅಷ್ಟು ಹೊತ್ತಿಗೆ ಆಫೀಸುಗಳ ಗಿರಾಕಿಗಳು ಅಲ್ಲಿ ತುಂಬತೊಡಗಿದ್ದರು. ಮ್ಯಾನೇಜರ್ ಇವರ ಮುಖ ನೋಡಿ, ಮೀಸೆ ಇಲ್ಲದೆ ಮುಂದಿನ ಬಾಗಿಲಿಗೆ ನಿಲ್ಲಿಸಲಾಗುವುದಿಲ್ಲ ಎಂದು, ಬೆಳೆಯುವವರೆಗೆ ಕಾರು ನಿಲ್ಲಿಸುವ ಕಡೆ ಹಾಕಿದರು. ನಾನು ಇದನ್ನು ಮಾವನಿಗೆ ಹೇಳಿದಾಗ ಅವರಿಗೆ ನಗು ಬಂತು. ಆ ಮನೆಯಲ್ಲಿ ಬಹಳ ದಿನದ ಮೇಲೆ ಕೇಳಿದ ನಗು. "ಮೀಸೆ ತಾನೇ, ಬೆಳೀತದೆ ಬಿಡು" ಎಂದರು. ಬೆಳೆಯಿತು. ಈ ಸಲ ಅರ್ಧ ಬೆಳ್ಳಗೆ ಬಂತು. ಹೋಟೆಲಿನವರಿಗೆ ಅದು ಇನ್ನೂ ಚೆನ್ನಾಗಿ ಕಂಡಿತು.

ಮಗಳು ಪಿ.ಯು.ಸಿ. ಮುಗಿಸಿದ್ದು ಆ ಹೊತ್ತಿಗೆ. ಬೆಳಗಿನ ಕಾಲೇಜಿಗೆ ಸೇರಿದಳು. ಒಂದು ದಿನ ಬಂದು, ಇಂದಿರಾನಗರದ ನೂರಡಿ ರಸ್ತೆಯ ಕಾಫಿ ಅಂಗಡಿಯಲ್ಲಿ ಮಧ್ಯಾಹ್ನದ ಕೆಲಸ ಇದೆ, ಸೇರುತ್ತೇನೆ ಎಂದಳು. ಬೇಡ ಎನ್ನಲು ಬಾಯಿ ತೆರೆದೆ. ಬೇಡವೆಂದರೆ ಕಾಲೇಜಿನ ಉಳಿದ ಖರ್ಚಿಗೆ ದಾರಿ ಏನು, ಅದೂ ನನಗೆ ಗೊತ್ತಿತ್ತು. ಇವರ ಮುಖ ನೋಡಿದೆ. ಇವರು ಮಗಳ ಕಾಲನ್ನೇ ನೋಡುತ್ತಿದ್ದರು.

"ಎಷ್ಟು ಗಂಟೆ ನಿಲ್ಬೇಕು?" ಎಂದರು.

"ಆರು ಗಂಟೆ ಅಪ್ಪ. ಮಧ್ಯೆ ಬ್ರೇಕ್ ಇದೆ."

"ಅವ್ರು ಕೊಡೋ ಶೂ ಹಾಕ್ಬೇಡ. ನಾನು ಕೊಡಿಸ್ತೀನಿ."

ಶನಿವಾರ ಮೂವರೂ ಶಿವಾಜಿನಗರಕ್ಕೆ ಹೋದೆವು. ಮಗಳು ಬೆಳಿಗ್ಗೆಯೇ ಹೋಗಿ ಬರೋಣ ಎಂದಿದ್ದಳು. ಇವರು ಒಪ್ಪಲಿಲ್ಲ, "ಶೂ ಸಂಜೆ ತಗೋಬೇಕು ಕಣಮ್ಮ. ಬೆಳಿಗ್ಗೆ ಸರಿಯಾಗಿರೋದು ಕಾಲು ಊದಿ ಸಾಯಂಕಾಲಕ್ಕೆ ಬಿಗಿಯಾಗುತ್ತೆ" ಎಂದರು. ಅದಕ್ಕೆಂದೇ ಬಸ್ಸು ಬಿಟ್ಟು ಹಲಸೂರು ಕೆರೆಯ ಪಕ್ಕದಿಂದ ನಡೆಸಿಕೊಂಡು ಬಂದರು. ಅಂಗಡಿಯಲ್ಲಿ ಮಗಳಿಗೆ ಇಷ್ಟವಾದ ಬಿಳಿ ಶೂ ಒಂದನ್ನು ಇವರು ಬಗ್ಗಿಸಿ ನೋಡಿ ಪಕ್ಕಕ್ಕಿಟ್ಟರು. ಅಡಿ ತೆಳ್ಳಗಿದೆ ಎಂದರು. ಕಪ್ಪು ಬಣ್ಣದ, ನೋಡಲು ಅಂದವಿಲ್ಲದ ಒಂದನ್ನು ಆರಿಸಿ, ತಾವೇ ಮೊಣಕಾಲೂರಿ ಕೂತು ಮಗಳ ಕಾಲಿಗೆ ತೊಡಿಸಿದರು. ಹೆಬ್ಬೆರಳಿನ ಮುಂದೆ ಒತ್ತಿ ನೋಡಿದರು, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ನೋಡಿದರು. ಆಗ ಆ ಕೈ ನಡುಗುತ್ತಿರಲಿಲ್ಲ.

"ನಡಿ, ನೋಡೋಣ."

ಮಗಳು ಅಂಗಡಿಯ ಉದ್ದಕ್ಕೂ ನಡೆದು ಹೋಗಿ ವಾಪಸು ಬಂದಳು. "ಸ್ವಲ್ಪ ದೊಡ್ಡದು ಅನ್ಸುತ್ತೆ ಅಪ್ಪ."

"ಇರ್ಲಿ. ದಪ್ಪ ಕಾಲುಚೀಲ ಹಾಕು," ಎಂದರು ಇವರು. "ಒಂದೇ ಕಡೆ ನಿಲ್ಬೇಡ. ಕೈಗೆ ಕೆಲಸ ಇಲ್ದಿದ್ರೂ ಆ ಕಡೆ ಈ ಕಡೆ ಓಡಾಡ್ತಾ ಇರು." ಆಮೇಲೆ ನನ್ನ ಕಡೆ ತಿರುಗಿ, "ನೀನೇನ್ ಹೇಳ್ತೀಯ?" ಎಂದರು.

ಹೇಳುವುದು ಬಹಳ ಇತ್ತು. "ಹಿಮ್ಮಡಿ ಒಂದ್ಸಲ ಇನ್ನೂ ನೋಡಿ" ಎಂದೆ. ಇವರು ಮತ್ತೊಮ್ಮೆ ನೋಡಿ ಸರಿಯಾಗಿದೆ ಎಂದರು. ಸೋಮವಾರ ಮಗಳು ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋದಳು.